ಕುರು ಪದೇ ಪದೇ ಏಳುತ್ತಿದೆಯೇ, ಪಾದ ಜೋಮು ಹಿಡಿಯುತ್ತಿದೆಯೇ? ಕಾರಣ ಹುಡುಕುವುದು ಹೀಗೆ

ಕಲಬುರಗಿಯಲ್ಲಿ ಮೈಮೇಲೆ ಕುರು ಎದ್ದರೆ ‘ಉಷ್ಣ ಆಗೇದ, ಮಜ್ಜಿಗಿ ಕುಡಿ’ ಅನ್ನುತ್ತಾರೆ. ಕಾಲು ಜೋಮು ಹಿಡಿದರೆ ‘ವಾತ, ಎಣ್ಣಿ ತಿಕ್ಕು’. ಬೇಸಿಗೆ ಬೆವರಿಗೆ ಒಂದೆರಡು ಕುರು ಏಳಬಹುದು, ನಿಜ. ಆದರೆ ಒಂದು ಆರುವಷ್ಟರಲ್ಲಿ ಇನ್ನೊಂದು ಏಳುತ್ತಿದ್ದರೆ, ಜತೆಗೆ ಪಾದವೂ ಮರಗಟ್ಟುತ್ತಿದ್ದರೆ ಎರಡನ್ನೂ ಒಬ್ಬರೇ ಡಾಕ್ಟರಿಗೆ ಹೇಳಿ. ಕುರುವಿಗೆ ಒಬ್ಬರು, ಕಾಲಿಗೆ ಇನ್ನೊಬ್ಬರು ಎಂದು ಓಡಾಡಿದರೆ ಸಕ್ಕರೆ ಕಾಯಿಲೆ ತಡವಾಗಿ ಗೊತ್ತಾಗುತ್ತದೆ.

ಮೊದಲು ಒಂದು ಚೀಟಿ ಬರೆಯಿರಿ. ಕುರು ಎಲ್ಲೆಲ್ಲಿ ಎದ್ದಿತ್ತು, ಜೋಮು ಒಂದು ಕಾಲಿಗೋ ಎರಡಕ್ಕೋ, ಈಗ ಯಾವ ಮಾತ್ರೆ ನುಂಗುತ್ತಿದ್ದೀರಿ. ಇಷ್ಟು ಸಾಕು.

ಎರಡನೆಯದು ಶುಗರ್ ಪರೀಕ್ಷೆ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ರೋಗಾಣು ಕೊಲ್ಲುವ ಬಿಳಿ ರಕ್ತಕಣಗಳು ಸೋಲುತ್ತವೆ, ಕುರು ಮರಳಿ ಬರುತ್ತದೆ. ಅದೇ ಸಕ್ಕರೆ ನರಗಳನ್ನೂ ಕೆಡಿಸುತ್ತದೆ. ಉದ್ದದ ನರ ಮೊದಲು ಕೆಡುವುದರಿಂದ ಜೋಮು ಕಾಲ್ಬೆರಳ ತುದಿಯಿಂದ ಶುರುವಾಗಿ ಮೇಲೇರುತ್ತದೆ.

ಜನ ಎಡವುವುದು ಈ ಪರೀಕ್ಷೆಯಲ್ಲೇ. ಖಾಲಿ ಹೊಟ್ಟೆ ಅಂದರೆ ಕನಿಷ್ಠ 8 ಗಂಟೆ ನೀರು ಬಿಟ್ಟು ಏನೂ ಇಲ್ಲ. ‘ಅರ್ಧ ಕಪ್ ಚಹಾ ಅಷ್ಟೇ ಕುಡಿದೆ’ ಎನ್ನುವವರನ್ನು ಲ್ಯಾಬಿನಲ್ಲಿ ನೋಡುತ್ತಲೇ ಇರುತ್ತೇನೆ. ಅವರ ರಿಪೋರ್ಟಿಗೆ ಅರ್ಥವಿಲ್ಲ. ಇನ್ನು ಕೆಲವರು ಒಳ್ಳೆಯ ರಿಪೋರ್ಟ್ ಬರಲಿ ಎಂದು ಹಿಂದಿನ ವಾರವೆಲ್ಲ ಅನ್ನ, ಸಿಹಿ ಬಿಡುತ್ತಾರೆ. ಬೇಡ, ಎಂದಿನಂತೆ ಉಣ್ಣಿರಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ. 100ರಿಂದ 125 ಅದರ ಹೊಸ್ತಿಲು. ಜತೆಗೆ ಎಚ್‌ಬಿಎ1ಸಿ ಮಾಡಿಸಿ. ಅದು ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ, ಒಂದು ವಾರದ ಪಥ್ಯಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. 6.5 ಮತ್ತು ಮೇಲಿದ್ದರೆ ಸಕ್ಕರೆ ಕಾಯಿಲೆ. ರಕ್ತಹೀನತೆ ಇದ್ದರೆ ಈ ಅಂಕಿ ತಪ್ಪಬಹುದು, ಹಿಮೋಗ್ಲೋಬಿನ್ನೂ ನೋಡಿಸಿ. ಬೆರಳಿಗೆ ಚುಚ್ಚುವ ಮನೆಯ ಮಷಿನ್ ನಂಬಿ ‘ನನಗೆ ಶುಗರ್ ಇಲ್ಲ’ ಅನ್ನಬೇಡಿ. ಕಾಯಿಲೆ ಇದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ ಲ್ಯಾಬಿನ ರಕ್ತವೇ ಬೇಕು.

ಶುಗರ್ ಸರಿಯಿದ್ದರೆ ಮುಂದೆ ಹೋಗಿ. ಬೆಳಕಿನಲ್ಲಿ ನಿಂತು ಮೈಯೆಲ್ಲ ನೋಡಿಕೊಳ್ಳಿ, ಬೆನ್ನನ್ನು ಮನೆಯವರು ನೋಡಲಿ. ಬಿಳಿಚಿದ ಅಥವಾ ಕೆಂಪು ಮಚ್ಚೆಯ ಮೇಲೆ ಹತ್ತಿ ಸವರಿದರೆ ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ದಯವಿಟ್ಟು ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ, 6ರಿಂದ 12 ತಿಂಗಳಲ್ಲಿ ಗುಣವಾಗುತ್ತದೆ. ಬಿ12 ಕೊರತೆ, ಕುಡಿತ, ಥೈರಾಯ್ಡ್ ಕೂಡ ಪಾದ ಮರಗಟ್ಟಿಸುತ್ತವೆ. ಬರೀ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುವವರು ಬಿ12 ನೋಡಿಸಲೇಬೇಕು. ಒಂದೇ ಕಾಲಿಗೆ, ಸೊಂಟದಿಂದ ಇಳಿಯುವ ಜೋಮು ಹೆಚ್ಚಾಗಿ ಬೆನ್ನಿನ ನರದ್ದು. ಆಗ ಕುರುವಿಗೂ ಅದಕ್ಕೂ ಸಂಬಂಧವಿಲ್ಲದಿರಬಹುದು.

ಕುರುವಿನ ರೋಗಾಣು ಎಷ್ಟೋ ಜನರ ಮೂಗಿನೊಳಗೇ ಇರುತ್ತದೆ. ಮನೆಮಂದಿಯೆಲ್ಲ ಒಂದೇ ಟವೆಲ್ ಬಳಸಿದರೆ ಹರಡುತ್ತದೆ. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಸುವ ಕೀವಿನ ಕಲ್ಚರ್ ಪರೀಕ್ಷೆಯನ್ನು ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಕೊಡಿ. ಅಂಗಡಿಯವರು ಸುಮ್ನೆ ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಲೇಬೇಡಿ, ಚರ್ಮದ ಶಕ್ತಿ ಕುಗ್ಗಿ ಸೋಂಕು ಬೆಳೆಯುತ್ತದೆ. ಹಿಂಡಬೇಡಿ, ಮೂಗು, ಮೇಲ್ತುಟಿಯ ಕುರುವನ್ನಂತೂ ಮುಟ್ಟಲೇಬೇಡಿ. ಉಗುರುಬೆಚ್ಚಗಿನ ಬಟ್ಟೆಯ ಶಾಖ ಸಾಕು.

ಆದರೆ ಜೋಮು ಹಿಡಿದ ಪಾದಕ್ಕೆ ಶಾಖ ಬೇಡ, ಬಿಸಿನೀರೂ ಬೇಡ. ಸುಟ್ಟರೂ ತಿಳಿಯುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಶಹಾಬಾದ್ ಕಲ್ಲು ಕಾದಿರುವಾಗ ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ. ಕುರುವಿನ ಜತೆ ಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಂದು ಕಡೆಯ ಕೈಕಾಲು ಒಮ್ಮೆಲೇ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಯಾವ ರಿಪೋರ್ಟಿಗೂ ಕಾಯದೆ 108ಕ್ಕೆ ಫೋನ್ ಮಾಡಿ.