ಹಳೇ ಕಾರಿನ ಸ್ಟೀರಿಂಗ್ ಟೈಟಾ? ಮೊದಲು ಆ ಸ್ಕ್ರೂ ಮುಟ್ಟಬೇಡಿ

ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಸ್ಟೀರಿಂಗ್ ಸ್ವಲ್ಪ ಭಾರ ಅನ್ನಿಸುವುದು ಹೊಸದೇನಲ್ಲ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯನ್ನು ನಿಂತಲ್ಲೇ ತಿರುಗಿಸಿದರೆ ತೋಳು ನೋಯುತ್ತದೆ. ಆದರೆ ಮಲ್ಲೇಶ್ವರದ ಅಡ್ಡರಸ್ತೆಗೆ ತಿರುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಎಲ್ಲೋ ಏನೋ ಹಿಡಿಯುತ್ತಿದೆ ಎಂದೇ ಅರ್ಥ. ಎಲ್ಲಿ ಎಂದು ಹುಡುಕದೆ ಸ್ಪ್ಯಾನರ್ ಹಿಡಿದು ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂಗೇ ಕೈ ಹಾಕುವವರನ್ನು ತುಂಬಾ ನೋಡಿದ್ದೇನೆ.

1. ಟೈರಿನ ಗಾಳಿ ನೋಡಿ. ಅರ್ಧ ದೂರು ಇಲ್ಲೇ ಮುಗಿಯುತ್ತದೆ. ಅಂದಕ್ಕೆಂದು ಅಗಲದ ಟೈರ್, ಚಿಕ್ಕ ಸ್ಪೋರ್ಟ್ಸ್ ಸ್ಟೀರಿಂಗ್ ಹಾಕಿಸಿದ್ದರೆ ಎರಡನ್ನೂ ಬಿಚ್ಚಿಸಿ. ಆ ಕಾಲದವರು ದೊಡ್ಡ ಸ್ಟೀರಿಂಗ್ ಕೊಟ್ಟಿದ್ದು ಸುಮ್ನೆ ಅಲ್ಲ.

2. ಮುಂಭಾಗ ಎತ್ತಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಕ್ರಾಸ್ ಮೆಂಬರ್ (ಮುಂದಿನ ಅಡ್ಡ ತೊಲೆ) ಕೆಳಗೆ ಜಾಕ್ ಹಾಕಿ, ಆಮೇಲೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಹಾಲೋ ಬ್ಲಾಕ್ ಖಂಡಿತ ಬೇಡ, ಭಾರಕ್ಕೆ ಪುಡಿಯಾಗುತ್ತದೆ. ಈಗ ಸ್ಟೀರಿಂಗ್ ಹಗುರಾಗಿ ತಿರುಗಿದರೆ ತಪ್ಪು ಟೈರ್, ಅಲೈನ್‌ಮೆಂಟ್ ಅಥವಾ ಕಿಂಗ್ ಪಿನ್‌ನ ಥ್ರಸ್ಟ್ ಬೇರಿಂಗ್‌ನದು. ಕಿಂಗ್ ಪಿನ್ ಅಂದರೆ ಚಕ್ರ ಎಡಬಲ ತಿರುಗುವ ಗೂಟ, ಥ್ರಸ್ಟ್ ಬೇರಿಂಗ್ ಅಲ್ಲಿ ಬೀಳುವ ಭಾರ ಹೊರುವ ಬೇರಿಂಗ್. ಆಗಲೂ ಟೈಟ್ ಇದ್ದರೆ ಮುಂದಕ್ಕೆ ಹೋಗಿ.

3. ಚಕ್ರ ಬೇರೆ, ಸ್ಟೀರಿಂಗ್ ಬೇರೆ ಮಾಡಿ. ಎರಡೂ ಬದಿಯ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಎಂಡ್ ಕಳಚಬೇಕು. ನಟ್ ಸಡಿಲಿಸಿ, ಎಂಡ್ ಕೂತಿರುವ ತೋಳಿನ ಕಣ್ಣಿಗೆ (ತೂತಿನ ಸುತ್ತಲಿನ ಕಬ್ಬಿಣಕ್ಕೆ) ಎರಡೂ ಕಡೆಯಿಂದ ಎರಡು ಸುತ್ತಿಗೆಯಲ್ಲಿ ಒಟ್ಟಿಗೆ ಹೊಡೆದರೆ ಬಿಡುತ್ತದೆ. ಥ್ರೆಡ್ ಮೇಲೆ ಹೊಡೆದರೆ ಹೊಸ ಎಂಡ್ ಹುಡುಕಿಕೊಂಡು ಜೆ.ಸಿ. ರೋಡ್‌ಗೆ ಹೋಗಬೇಕಾಗುತ್ತದೆ. ಈಗ ಒಂದೊಂದು ಚಕ್ರವನ್ನೂ ಕೈಯಲ್ಲೇ ಆಡಿಸಿ. ಚಕ್ರ ಬಿಗಿ ಇದ್ದರೆ ಕಿಂಗ್ ಪಿನ್. ಸ್ಟೀರಿಂಗ್ ಬಿಗಿ ಇದ್ದರೆ ಬಾಕ್ಸ್ (ಸ್ಟೀರಿಂಗ್ ದಂಡದ ಬುಡದ ಗೇರ್ ಪೆಟ್ಟಿಗೆ), ಕಾಲಮ್ ಬುಷ್ (ಆ ದಂಡ ಕೂರುವ ಬಳೆ) ಅಥವಾ ಎದುರು ಬದಿಯ ಐಡ್ಲರ್ ಆರ್ಮ್ (ಆ ಬದಿಯಲ್ಲಿ ಸರಳುಗಳನ್ನು ಹಿಡಿದಿರುವ ತೋಳು).

4. ಕಿಂಗ್ ಪಿನ್‌ಗೆ ಗ್ರೀಸ್. ಹೆಚ್ಚಿನವರು ಕೆಡಿಸುವುದು ಇಲ್ಲಿ. ಗಾಡಿ ನೆಲದ ಮೇಲೆ ನಿಂತಿರುವಾಗಲೇ ಗ್ರೀಸ್ ಗನ್ ಹಿಡಿದು ನಾಲ್ಕು ಸಲ ಒತ್ತಿ "ಆಯ್ತು ಸಾರ್" ಅನ್ನುತ್ತಾರೆ. ಭಾರ ಕೂತ ಜಾಗಕ್ಕೆ ಗ್ರೀಸ್ ನುಗ್ಗುವುದೇ ಇಲ್ಲ. ಚಕ್ರ ನೇತಾಡುತ್ತಿರಬೇಕು. ನಿಪ್ಪಲ್ (ಗ್ರೀಸ್ ಒಳಗೆ ಹೋಗುವ ಮೂತಿ) ಒರೆಸಿ, ಇಲ್ಲದಿದ್ದರೆ ಮೇಲಿನ ಮಣ್ಣನ್ನು ನೀವೇ ಒಳಗೆ ತಳ್ಳಿದಂತೆ. ಒತ್ತುತ್ತಾ ಚಕ್ರವನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸುತ್ತಿರಿ. ಮೊದಲು ಕಪ್ಪು ಗ್ರೀಸ್ ಬರುತ್ತದೆ, ಕೆಲವೊಮ್ಮೆ ತುಕ್ಕಿನ ನೀರೂ ಬರುತ್ತದೆ. ಹೊಸ ಗ್ರೀಸ್‌ನ ಬಣ್ಣ ಮೇಲೂ ಕೆಳಗೂ ಕಾಣುವವರೆಗೆ ನಿಲ್ಲಿಸಬೇಡಿ. ಗ್ರೀಸ್ ಹೋಗದೆ ನಿಪ್ಪಲ್ ಪಕ್ಕದಲ್ಲೇ ಉಕ್ಕಿದರೆ ನಿಪ್ಪಲ್ ಬಿಚ್ಚಿ, ತೂತನ್ನು ತಂತಿಯಿಂದ ಬಿಡಿಸಿ, ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಹೊಸ ನಿಪ್ಪಲ್‌ಗೆ ಖರ್ಚೇನೂ ಜಾಸ್ತಿ ಇಲ್ಲ. ಇಷ್ಟಾದರೂ ಬಿಡದಿದ್ದರೆ ಪಿನ್, ಬುಷ್ ಎರಡೂ ಹೊಸದು ಹಾಕಿಸಿ, ಬುಷ್‌ಗೆ ರೀಮರ್ ಹಾಕಲು (ತೂತನ್ನು ಪಿನ್ ಅಳತೆಗೆ ತರಲು) ಬರುವವರ ಹತ್ತಿರವೇ ಕೊಡಿ. ವಾಟರ್ ಸರ್ವಿಸ್ ಮಾಡಿಸಿದಾಗಲೆಲ್ಲ ಗ್ರೀಸ್ ಹೊಡೆಸಬೇಕು, ಪ್ರೆಷರ್ ನೀರು ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ.

ಸ್ಟ್ಯಾಂಡರ್ಡ್ ಹೆರಾಲ್ಡ್ ಇರುವವರು ಗಮನಿಸಿ: ಕೆಳಗಿನ ಟ್ರನಿಯನ್‌ಗೆ (ಚಕ್ರದ ಪಿನ್ನಿನ ಕೆಳತುದಿ ಕೂರುವ ಕೀಲು) ಗ್ರೀಸ್ ಬೇಡ, ಇಪಿ 90 ಗೇರ್ ಆಯಿಲ್. ಅದು ಒಣಗಿ ಕಚ್ಚಿಕೊಂಡರೆ ಪಿನ್ ಮುರಿದು ಚಕ್ರವೇ ಮಡಚಿಕೊಳ್ಳುತ್ತದೆ.

5. ಸ್ಟೀರಿಂಗ್ ಬಾಕ್ಸ್. ಅಂಬಾಸಿಡರ್‌ನಲ್ಲಿ ಇರುವುದು ರ‍್ಯಾಕ್ ಅಂಡ್ ಪಿನಿಯನ್ (ಹಲ್ಲಿನ ಸರಳು ಮತ್ತು ಚಿಕ್ಕ ಗೇರ್), ಈ ಹಂತ ಅಂಬಾಸಿಡರ್‌ನವರಿಗಲ್ಲ. ಪದ್ಮಿನಿಯಂಥ ವರ್ಮ್ ಗೇರ್ (ಸ್ಕ್ರೂನಂಥ ಗೇರ್) ಗಾಡಿಗಳಲ್ಲಿ ಮೊದಲು ಆಯಿಲ್ ಮಟ್ಟ ನೋಡಿ. ಇಲ್ಲಿಗೂ ಇಪಿ 90. ಸೀಲ್ ಸೋರುತ್ತದೆ ಎಂದು ಗ್ರೀಸ್ ತುಂಬುವುದು ನಮ್ಮೂರಲ್ಲಿ ಮಾಮೂಲು. ವರ್ಮ್ ಆ ಗ್ರೀಸನ್ನು ಪಕ್ಕಕ್ಕೆ ತಳ್ಳಿ ಒಣಗಿಕೊಂಡೇ ತಿರುಗುತ್ತದೆ. ಸೀಲ್ ಬದಲಿಸಿ.

ಇನ್ನು ಆ ಸ್ಕ್ರೂ. ಸ್ಟೀರಿಂಗ್ ಆಟ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಸಡಿಲವಾಗಿ ಆಡುವುದು) ಜಾಸ್ತಿ ಎಂದರೆ ಮೆಕ್ಯಾನಿಕ್ ಬಾಕ್ಸ್ ಮೇಲಿನ ಲಾಕ್‌ನಟ್ ಬಿಚ್ಚಿ ಸ್ಕ್ರೂ ಬಿಗಿ ಮಾಡುತ್ತಾರೆ. ಗಾಡಿ ಜಾಸ್ತಿ ನೇರ ಓಡುವುದರಿಂದ ಗೇರ್ ಸವೆಯುವುದು ನಡುವಿನಲ್ಲಿ. ಅಲ್ಲಿನ ಆಟ ಪೂರ್ತಿ ತೆಗೆದರೆ ಸವೆಯದ ಎರಡೂ ತುದಿ ಕಚ್ಚಿಕೊಳ್ಳುತ್ತವೆ. ಟೈ ರಾಡ್ ಕಳಚಿರುವಾಗಲೇ ತುದಿಯಿಂದ ತುದಿಗೆ ತಿರುಗಿಸಿ. ನಡುವೆ ಸಡಿಲ, ಪಕ್ಕಕ್ಕೆ ಬಿಗಿ ಇದ್ದರೆ ಸ್ಕ್ರೂ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಬಿಡಿ. ಒಂದಿಷ್ಟು ಆಟ ಉಳಿದರೂ ಪರವಾಗಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಕಚ್ಚುವುದು ಅಪಾಯ.

6. ಟೈ ರಾಡ್ ಜೋಡಿಸಿ, ಹೊಸ ಸ್ಪ್ಲಿಟ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಪಿನ್) ಹಾಕಿ, ಅಲೈನ್‌ಮೆಂಟ್ ಮಾಡಿಸಿ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ತಿರುವಿನ ಕೊನೆಗೆ ಹಿಡಿತ ಸಡಿಲಿಸಿ ನೋಡಿ. ಸ್ಟೀರಿಂಗ್ ತಾನಾಗಿ ಹಿಂದಕ್ಕೆ ಬರಬೇಕು. ಇನ್ನೂ ಬರದಿದ್ದರೆ ಥ್ರಸ್ಟ್ ಬೇರಿಂಗ್ ಬಿಚ್ಚಿಸಿ ನೋಡಿಸಿ.