ಸೀಜ್ ಆದ ಬೋಟ್ ಇಂಜಿನ್ ಬಿಚ್ಚಿ ಕಟ್ಟಿದ್ದು: ನನ್ನ ಅನುಭವ

ಗಂಗಾವತಿಯಲ್ಲಿ ನನ್ನದು ಇಂಜಿನ್ ರಿಪೇರಿ ಶೆಡ್. ಭತ್ತದ ಸೀಮೆ ಆದ್ದರಿಂದ ಬರುವುದೆಲ್ಲ ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷಿನ್, ಡೀಸೆಲ್ ಪಂಪ್‌ಸೆಟ್. ಬೋಟ್ ಇಂಜಿನ್ ನಮ್ಮ ಕಡೆ ಅಪರೂಪ. ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಇವತ್ತಿಗೂ ಹರಿಗೋಲು, ತೆಪ್ಪವನ್ನೇ ಜಾಸ್ತಿ ನೆಚ್ಚಿಕೊಂಡವರು. ಕೊಪ್ಪಳ ಕಡೆಯ ಮೀನು ಗುತ್ತಿಗೆದಾರರೊಬ್ಬರು ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು) ಒಂದನ್ನು ಟಂಟಂನಲ್ಲಿ ಹಾಕಿಕೊಂಡು ಬಂದರು. 40 ಎಚ್‌ಪಿ, ಟೂ-ಸ್ಟ್ರೋಕ್, ಎರಡು ಸಿಲಿಂಡರ್. ಹಗ್ಗ ಎಳೆದರೆ ಫ್ಲೈವೀಲ್ ಅಲ್ಲಾಡುತ್ತಿರಲಿಲ್ಲ. ಪೂರ್ತಿ ಜಾಮ್.

ಇಂಥ ಇಂಜಿನ್‌ಗೂ ಬೈಕ್ ಇಂಜಿನ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಬೈಕ್‌ನಲ್ಲಿ ಆಗಾಗ ಆಕ್ಸಿಲರೇಟರ್ ಬಿಡುತ್ತೇವೆ, ಇಳಿಜಾರು ಸಿಗುತ್ತದೆ, ಇಂಜಿನ್‌ಗೆ ಉಸಿರಾಡಲು ಬಿಡುವು ಇರುತ್ತದೆ. ನೀರಿನಲ್ಲಿ ಇಳಿಜಾರು ಎಲ್ಲಿಂದ ಬರಬೇಕು? ದಡ ಬಿಟ್ಟಾಗಿನಿಂದ ದಡ ಸೇರುವ ತನಕ ಐದು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಫುಲ್ ಲೋಡ್ ಎಳೆಯುತ್ತಲೇ ಇರಬೇಕು. ಎಣ್ಣೆ, ತಂಪು ಮಾಡುವ ನೀರು, ಪೆಟ್ರೋಲ್ ಮೂರರಲ್ಲಿ ಒಂದು ಸ್ವಲ್ಪ ಕಡಿಮೆಯಾದರೂ ನಿಮಿಷಗಳಲ್ಲಿ ಪಿಸ್ಟನ್ ಹೋಗುತ್ತದೆ. ಹಾಗಾಗಿ ಹೊಸ ಪಿಸ್ಟನ್ ತರಿಸುವ ಮೊದಲು ಹಳೆಯದು ಯಾಕೆ ಸತ್ತಿತು ಅಂತ ಕಂಡುಹಿಡಿಯಲೇಬೇಕು. ಈ ಇಂಜಿನ್ ಹಿಂದಿನ ಹಂಗಾಮಿನಲ್ಲೂ ಬಿಸಿಯಾಗಿ ನಿಂತಿತ್ತಂತೆ. ಆಗ ಬೇರೆ ಊರಿನ ಮೆಕ್ಯಾನಿಕ್ ಒಬ್ಬರು ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಗಳ ಚಕ್ರ) ಬದಲಿಸಿ ಕೊಟ್ಟಿದ್ದರು. ಆಮೇಲೆ ಓಡಿತು, ಓಡಿ ಮತ್ತೆ ಹೀಗಾಯಿತು.

ಹೆಡ್ ಬಿಚ್ಚಿದೆ. ಈ ಇಂಜಿನ್‌ನಲ್ಲಿ ಸಿಲಿಂಡರ್‌ಗಳು ಒಂದರ ಮೇಲೊಂದು ಮಲಗಿರುತ್ತವೆ. ಕೆಳಗಿನ ಸಿಲಿಂಡರ್ ಚೆನ್ನಾಗಿತ್ತು. ಮೇಲಿನದರಲ್ಲಿ ಪಿಸ್ಟನ್ ಸುತ್ತಲೂ ಉಜ್ಜಿಹೋಗಿ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡಿತ್ತು. ಸ್ಪಾರ್ಕ್ ಪ್ಲಗ್ ತುದಿಯಲ್ಲಿ ಬೂದು ಬಣ್ಣದ ಸಣ್ಣ ಚುಕ್ಕಿಗಳು, ಅದೂ ಪಿಸ್ಟನ್ನಿನದೇ ಲೋಹ.

ಇಲ್ಲಿ ನಿಂತು ಯೋಚನೆ ಮಾಡಬೇಕು. ಪೆಟ್ರೋಲಿಗೆ ಬೆರೆಸುವ ಎಣ್ಣೆ ಕಡಿಮೆಯಾಗಿದ್ದರೆ ಎರಡೂ ಸಿಲಿಂಡರ್‌ಗೆ ಪೆಟ್ಟು ಬೀಳಬೇಕಿತ್ತು, ಕನೆಕ್ಟಿಂಗ್ ರಾಡ್ ಬೇರಿಂಗ್ ನೀಲಿ ತಿರುಗಬೇಕಿತ್ತು. ಬೇರಿಂಗ್ ಎರಡೂ ಹೊಳೆಯುತ್ತಿದ್ದವು. ಮೇಲಿನ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿಕೊಂಡು ಪೆಟ್ರೋಲ್ ಕಡಿಮೆ ಬಂದಿದ್ದರೆ ಸಾಮಾನ್ಯವಾಗಿ ಎಕ್ಸಾಸ್ಟ್ ಕಡೆಯೇ ಜಾಸ್ತಿ ಉಜ್ಜಿರುತ್ತದೆ. ಆದರೂ ಬಿಡಲಿಲ್ಲ, ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ, ಸ್ವಚ್ಛ ಇತ್ತು. ಸುತ್ತಲೂ ಉಜ್ಜಿದೆ, ಅದೂ ಮೇಲಿನದು ಮಾತ್ರ. ನೀರು ಕೆಳಗಿನ ಪಂಪಿನಿಂದ ಮೇಲಕ್ಕೆ ಏರುವ ಇಂಜಿನ್ ಇದು. ನೀರು ಕಡಿಮೆಯಾದರೆ ಮೊದಲು ಬಾಯಾರುವುದು ಮೇಲಿನ ಸಿಲಿಂಡರೇ.

ಗುತ್ತಿಗೆದಾರರು ಒಪ್ಪಲಿಲ್ಲ. "ನೀರು ಬರಾಕತ್ತಿತ್ರೀ ಅಣ್ಣಾರ. ಇಂಜಿನ್ ಬಂದ್ ಆಗೋತನ ಪಿಚಕಾರಿ ಹೊಡದಂಗ ಬರಾಕತ್ತಿತ್ತು" ಅಂದರು. ಇಂಜಿನ್ ಪಕ್ಕದ ಸಣ್ಣ ತೂತಿನಿಂದ ಹೊರಗೆ ಬೀಳುವ ನೀರಿನ ಮಾತು ಅದು. ಅವರು ಹೇಳಿದ್ದು ನಿಜವೇ. ಆದರೆ ಆ ನೀರು ಪಂಪ್ ನಡೆಯುತ್ತಿದೆ ಅಂತ ಮಾತ್ರ ಹೇಳುತ್ತದೆ. ಬ್ಲಾಕಿನ ಮೂಲೆಮೂಲೆಗೂ ನೀರು ಮುಟ್ಟಿದೆ ಅಂತ ಹೇಳುವುದಿಲ್ಲ.

ಮಲ್ಪೆಯಲ್ಲಿ ನನಗೆ ಪರಿಚಯದ ಬೋಟ್ ಮೆಕ್ಯಾನಿಕ್ ಒಬ್ಬರಿದ್ದಾರೆ. ಕರಾವಳಿಯವರಿಗೆ ಇದು ದಿನನಿತ್ಯದ ಕೆಲಸ. ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಳೆ ಇಂಪೆಲ್ಲರ್‌ನ ರೆಕ್ಕೆ ಎಲ್ಲ ಸಿಕ್ಕಿತ್ತಾ ಮಾರಾಯ್ರೇ?"

ಅದೃಷ್ಟಕ್ಕೆ ಗುತ್ತಿಗೆದಾರರು ಹಳೆಯ ಇಂಪೆಲ್ಲರ್ ಎಸೆದಿರಲಿಲ್ಲ, ಟೂಲ್ ಡಬ್ಬಿಯಲ್ಲೇ ಬಿದ್ದಿತ್ತು. ಆರು ರಬ್ಬರ್ ರೆಕ್ಕೆಗಳಲ್ಲಿ ಮೂರು ಮುರಿದಿದ್ದವು. ಮುರಿದ ತುಂಡು ಪಂಪಿನಲ್ಲಿ ಇಲ್ಲ ಅಂದರೆ ನೀರಿನ ಜೊತೆ ಮೇಲಕ್ಕೆ ಹೋಗಿದೆ ಅಂತಲೇ ಅರ್ಥ ಅಲ್ವಾ? ನೀರಿನ ದಾರಿ ನೋಡಲು ಎಕ್ಸಾಸ್ಟ್ ಕವರ್ ಬಿಚ್ಚಬೇಕಿತ್ತು, ಅದರ ಬೋಲ್ಟುಗಳು ಹಿಡಿದುಕೊಂಡಿದ್ದವು. ಸುಮ್ನೆ ಜೋರು ಮಾಡಿದರೆ ಅಲ್ಯೂಮಿನಿಯಂ ಬ್ಲಾಕಿನೊಳಗೇ ಮುರಿಯುತ್ತವೆ. ಬಿಸಿ ಮಾಡುವುದು, ಎಣ್ಣೆ ಬಿಡುವುದು, ಚೂರು ಬಿಗಿ ಮಾಡಿ ಮತ್ತೆ ಸ್ವಲ್ಪ ಜಾಸ್ತಿ ಸಡಿಲ ಮಾಡುವುದು, ಹೀಗೆ ತಾಳ್ಮೆಯಿಂದಲೇ ಬಿಡಿಸಿದೆ. ಒಳಗೆ ನೀರಿನ ದಾರಿಯಲ್ಲಿ ಹೂಳು ಗಟ್ಟಿಯಾಗಿ ಕೂತಿತ್ತು. ತಂತಿಯಿಂದ ಕೆದರಿದೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪು ರಬ್ಬರ್ ತುಂಡು, ಮೇಲಿನ ಸಿಲಿಂಡರ್‌ಗೆ ಹೋಗುವ ತಿರುವಿನಲ್ಲಿ ಅಡ್ಡ ನಿಂತಿತ್ತು. ಅದರ ಬೆನ್ನಿಗೆ ಮಣ್ಣು ಮೆತ್ತಿ ದಾರಿ ಮುಕ್ಕಾಲು ಮುಚ್ಚಿತ್ತು. ಉಳಿದ ಎರಡು ತುಂಡು ತಾಮ್ರದ ನೀರಿನ ಕೊಳವೆಯ ಮೇಲ್ತುದಿಯಲ್ಲಿ ಸಿಕ್ಕವು. ಮೂರನ್ನೂ ಹಳೆ ಇಂಪೆಲ್ಲರ್‌ಗೆ ಹಿಡಿದು ನೋಡಿದೆ. ಮುರಿದ ಅಂಚಿಗೆ ಅಂಚು ಕೂತಿತು. ಗುತ್ತಿಗೆದಾರರಿಗೆ ಅದನ್ನೇ ಕೈಯಲ್ಲಿ ಕೊಟ್ಟೆ.

ನಮ್ಮ ಜಲಾಶಯದಲ್ಲಿ ಹೂಳು ಎಷ್ಟಿದೆ ಅಂತ ಎಲ್ಲರಿಗೂ ಗೊತ್ತು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಸುಮಾರಿಗೆ ಇಳಿದಿದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಪ್ರೊಪೆಲ್ಲರ್ ಕೆಸರು ಕೆದಕುತ್ತಲೇ ಓಡುತ್ತದೆ, ಪಂಪ್ ಆ ಕೆಸರು ನೀರನ್ನೇ ಎಳೆದುಕೊಳ್ಳುತ್ತದೆ. ಕಡಲಿನಲ್ಲಿ ಉಪ್ಪು ಲೋಹವನ್ನು ತಿಂದರೆ ಇಲ್ಲಿ ಮರಳು ರಬ್ಬರನ್ನು ತೇಯುತ್ತದೆ. ಈ ಕಡೆ ಇಂಪೆಲ್ಲರನ್ನು ಪ್ರತಿ ಹಂಗಾಮಿಗೂ ಬದಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಾರಣ ಸಿಕ್ಕ ಮೇಲೆ ಮುಂದಿನ ಕೆಲಸ ನಿರಾಳ. ಸಿಲಿಂಡರ್ ಒಳಗಿನ ಲೈನರಿನ ಗೋಡೆ ಬೀಡು ಕಬ್ಬಿಣ. ಮೆತ್ತಿಕೊಂಡ ಅಲ್ಯೂಮಿನಿಯಂ ತೆಗೆದು ಅಳತೆ ಮಾಡಿದೆ. ಮೇಲಿನದರಲ್ಲಿ ಗೀರು ಆಳಕ್ಕೆ ಇಳಿದಿತ್ತು. 0.50 ಎಂಎಂ ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ ಅಷ್ಟು ದಪ್ಪದ ಪಿಸ್ಟನ್ ಬೇಕಾಯಿತು. ಕೆಳಗಿನದು ಅಳತೆಯಲ್ಲೇ ಇತ್ತು, ಹೋನ್ ಮಾಡಿ (ಗೋಡೆಯನ್ನು ಕಲ್ಲಿನಿಂದ ನವಿರಾಗಿ ತಿಕ್ಕಿ) ಹೊಸ ರಿಂಗ್ ಹಾಕಿದರೆ ಸಾಕಿತ್ತು. ಮೊದಲು ಪಿಸ್ಟನ್ ತರಿಸಿಕೊಳ್ಳಿ, ಆಮೇಲೆ ಅದನ್ನು ಅಳೆದು, ಸಿಲಿಂಡರನ್ನು ಅದಕ್ಕೆ ತಕ್ಕಂತೆ ಕೊರೆದು ಬೋರ್ ಮಾಡಿಸಿ. ಉಲ್ಟಾ ಮಾಡಬೇಡಿ.

ಬೋರಿಂಗ್‌ಗೆ ಬ್ಲಾಕನ್ನು ಹೊಸಪೇಟೆಗೆ ಒಯ್ದೆ. ಅದಿರು ಲಾರಿಗಳ ಕಾಲದಿಂದಲೂ ಅಲ್ಲಿ ಪಳಗಿದ ಕೈಗಳಿವೆ. ಆದರೆ ಅವರಿಗೆ ಬರುವುದೆಲ್ಲ ಫೋರ್-ಸ್ಟ್ರೋಕ್ ಬ್ಲಾಕು, ಗೋಡೆಯಲ್ಲಿ ಕಿಟಕಿ ಇರುವುದಿಲ್ಲ. ಟೂ-ಸ್ಟ್ರೋಕ್‌ನಲ್ಲಿ ಪೋರ್ಟು ಅನ್ನುವ ಕಿಟಕಿಗಳಿರುತ್ತವೆ. ಬೋರ್ ಮಾಡಿದ ಮೇಲೆ ಅವುಗಳ ಅಂಚು ಬ್ಲೇಡಿನ ಹಾಗೆ ಚೂಪಾಗುತ್ತದೆ. ಹಾಗೇ ಬಿಟ್ಟರೆ ರಿಂಗ್ ಆ ಅಂಚಿಗೆ ಸಿಕ್ಕಿ ಪುಡಿಯಾಗುತ್ತದೆ. ಇದನ್ನು ಮೊದಲೇ ಹೇಳಿ, ಅಂಚಿನ ಚೂಪು ತೆಗೆಯುವ ಕೆಲಸವನ್ನು ನಾನೇ ಸಣ್ಣ ಸಾಣೆಕಲ್ಲಿನಿಂದ ಮಾಡಿದೆ. ಬೆರಳಿಟ್ಟು ಎಳೆದರೆ ಎಲ್ಲೂ ತಡೆಯಬಾರದು, ಅಲ್ಲಿಯ ತನಕ ತಿಕ್ಕಿದೆ. ನಂತರ ಸೋಪು ನೀರಿನಲ್ಲಿ ತೊಳೆದೆ. ಪೆಟ್ರೋಲ್‌ನಿಂದ ತೊಳೆದರೆ ಎಣ್ಣೆ ಹೋಗುತ್ತದೆ, ಹೋನಿಂಗ್ ಪುಡಿ ಗೋಡೆಯ ಗೀರಿನಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗೇ ಬರಬೇಕು.

ಜೋಡಿಸುವಾಗ ರಿಂಗಿನ ಬಾಯಿ ಪಿಸ್ಟನ್ ಮೇಲಿನ ಪಿನ್ನಿಗೆ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಬೇಕು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ದೊಡ್ಡ ಪಿನ್ನಿನ ಲಾಕ್ ಯಾವತ್ತೂ ಹೊಸದೇ ಹಾಕಿ. ಇನ್ನು ಕ್ರ್ಯಾಂಕ್‌ಕೇಸ್. ಟೂ-ಸ್ಟ್ರೋಕ್‌ನಲ್ಲಿ ಅದು ಬರೀ ಡಬ್ಬಿ ಅಲ್ಲ, ಗಾಳಿ ಎಳೆದು ಒತ್ತುವ ಪಂಪೂ ಹೌದು. ಕೂದಲೆಳೆಯಷ್ಟು ಸೋರಿದರೂ ಒಳಗೆ ಬರೀ ಗಾಳಿ ನುಗ್ಗಿ ಪೆಟ್ರೋಲ್ ತೆಳುವಾಗುತ್ತದೆ. ಹೊಸ ಸೀಲ್ ಹಾಕಿ, ಸೇರುವ ಮುಖಗಳಿಗೆ ತೆಳ್ಳಗೆ ಸೀಲಂಟ್ ಸವರಿ, ಎಲ್ಲ ಬಾಯಿ ಮುಚ್ಚಿ ಆರು ಪಿಎಸ್‌ಐ ಗಾಳಿ ತುಂಬಿದೆ. ಸೋಪು ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಿದೆ. ಗೇಜಿನ ಮುಳ್ಳು ಇಳಿಯಲಿಲ್ಲ. ಬಿಸಿಯಾದಾಗ ತಾನೇ ತೆರೆದು ನೀರು ಹರಿಯಲು ಬಿಡುವ ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟೆ. ನೀರು ಅರವತ್ತು ಡಿಗ್ರಿ ಮುಟ್ಟುವಷ್ಟರಲ್ಲಿ ಪೂರ್ತಿ ಬಾಯಿ ಬಿಟ್ಟಿತು, ಅದೇ ಹಳೆಯದನ್ನೇ ಹಾಕಿದೆ.

ನೀರಿಲ್ಲದೆ ಈ ಇಂಜಿನ್ ಚಾಲೂ ಮಾಡಲೇಬಾರದು. ಹೊಸ ಇಂಪೆಲ್ಲರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ದೊಡ್ಡ ಡ್ರಮ್ ತುಂಬಿಸಿ, ಪ್ರೊಪೆಲ್ಲರ್ ಬಿಚ್ಚಿಟ್ಟು ಚಾಲೂ ಮಾಡಿದೆ. ಎರಡು ಸಿಲಿಂಡರ್‌ನ ಹೆಡ್ಡಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಮೇಲಿನದು, ಕೆಳಗಿನದು ಹೆಚ್ಚುಕಮ್ಮಿ ಒಂದೇ ಬಿಸಿ. ಅಲ್ಲಿಗೆ ನನಗೆ ಧೈರ್ಯ ಬಂತು.

ಹಿನ್ನೀರಿನಲ್ಲಿ ಮೊದಲ ಹತ್ತು ಗಂಟೆ 25 ಲೀಟರ್ ಪೆಟ್ರೋಲ್‌ಗೆ ಒಂದು ಲೀಟರ್ ಎಣ್ಣೆ ಹಾಕಿ ಓಡಿಸಲು ಹೇಳಿದೆ. ಫುಲ್ ಥ್ರಾಟಲ್ ಬೇಡ, ಒಂದೇ ವೇಗದಲ್ಲೂ ಬೇಡ. ಆಮೇಲೆ 50ಕ್ಕೆ ಒಂದು. ಎಣ್ಣೆ ಬೈಕಿನದಲ್ಲ, ಬೋಟ್ ಇಂಜಿನ್ನಿನ ಟಿಸಿ-ಡಬ್ಲ್ಯೂ 3 ದರ್ಜೆಯದೇ ಆಗಬೇಕು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ಜಾಸ್ತಿ ಹೀರಿಕೊಂಡರೆ ಎಥನಾಲ್, ನೀರು ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಆ ತಳದಲ್ಲಿ ಎಣ್ಣೆ ಇರುವುದಿಲ್ಲ, ಇಂಜಿನ್ ಎಳೆದುಕೊಳ್ಳುವುದು ಅದನ್ನೇ. ಅದಕ್ಕೆ ಟ್ಯಾಂಕಿನಲ್ಲಿ ವಾರಗಟ್ಟಲೆ ಪೆಟ್ರೋಲ್ ಇಡಬೇಡಿ ಅಂದೆ.

ಹತ್ತು ಗಂಟೆ ಮುಗಿದ ಮೇಲೆ ಅವರು ಫೋನ್ ಮಾಡಿದರು, ನಾನೇ ದಡಕ್ಕೆ ಹೋದೆ. ಪ್ಲಗ್ ಎರಡನ್ನೂ ಬಿಚ್ಚಿದೆ. ಎರಡೂ ಒಂದೇ ತಿಳಿ ಕಂದು ಬಣ್ಣ. ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿ ಮಾಡಿ, ಗೇರ್ ಆಯಿಲ್ ಬದಲಿಸಿ, ಒಂದು ಹೊಸ ಇಂಪೆಲ್ಲರನ್ನು ಅವರ ಟೂಲ್ ಡಬ್ಬಿಯಲ್ಲಿ ಹಾಕಿ ಬಂದೆ.