ಗಾಡಿಯ ಕನೆಕ್ಟರ್‌ಗೆ ಕಿಲುಬು ಹಿಡಿಯದ ಹಾಗೆ ನೋಡಿಕೊಳ್ಳುವುದು

ಹೆಡ್‌ಲೈಟ್ ಮಂಕಾಗಿದೆ, ಹಾರ್ನ್ ಒಮ್ಮೆ ಕೂಗುತ್ತದೆ ಒಮ್ಮೆ ಇಲ್ಲ ಅಂದರೆ, ಬಲ್ಬು ಸ್ವಿಚ್ಚು ಅಂತ ದುಡ್ಡು ಸುರಿಯುವ ಮೊದಲು ವೈರ್‌ಗಳನ್ನು ಒಂದಕ್ಕೊಂದು ಸೇರಿಸುವ ಪ್ಲಾಸ್ಟಿಕ್ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಮೇಲೆ ಹಸಿರು ಪುಡಿ ಕೂತಿದೆಯಾ? 55 ವ್ಯಾಟ್ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 4.5 ಆಂಪಿಯರ್ ಎಳೆಯುತ್ತದೆ. ಕಿಲುಬಿನಿಂದ ಬರೀ 0.2 ಓಮ್ ತಡೆ ಬಂದರೂ ಹೆಚ್ಚುಕಡಿಮೆ 1 ವೋಲ್ಟ್ ಅಲ್ಲೇ ಹೋಯಿತು. ಆ ಬಿಸಿಗೆ ಪ್ಲಾಸ್ಟಿಕ್ ಕೂಡ ಮೆತ್ತಗಾಗುತ್ತದೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಕೆಲಸ ಶುರು ಮಾಡಿ. ಲಾಕ್ ಒತ್ತಿ, ಪ್ಲಾಸ್ಟಿಕ್ ಹಿಡಿದೇ ಎಳೆಯಿರಿ, ವೈರ್ ಹಿಡಿದು ಜಗ್ಗಬೇಡಿ. ಕಾಂಟ್ಯಾಕ್ಟ್ ಕ್ಲೀನರ್ (ಪಿನ್ ಶುಚಿ ಮಾಡುವ ಸ್ಪ್ರೇ) ಹೊಡೆದು ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ಉಪ್ಪುಕಾಗದ ಬೇಡ, ಪಿನ್ ಮೇಲಿನ ತವರದ ಲೇಪ ಕಿತ್ತುಹೋದರೆ ಕಿಲುಬು ಇನ್ನೂ ಬೇಗ ಬರುತ್ತದೆ. ವೈರ್ ಸುಲಿದಾಗ ಒಳಗಿನ ಎಳೆಗಳು ಕಪ್ಪಾಗಿದ್ದರೆ ನೀರು ಅದರೊಳಗೇ ಹತ್ತಿಕೊಂಡು ಹೋಗಿದೆ ಅಂತ ಅರ್ಥ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ತುದಿಗೆ ಹೊಸ ಟರ್ಮಿನಲ್ (ಲೋಹದ ಪಿನ್) ಹಾಕಿ, ಬೇರೆ ದಾರಿಯಿಲ್ಲ.

ಈಗ ಗ್ರೀಸ್. ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ಕರೆಂಟ್ ಹರಿಸುವುದಿಲ್ಲ, ಅದರ ಕೆಲಸ ನೀರನ್ನು ದೂರ ಇಡುವುದಷ್ಟೇ. ರಬ್ಬರ್ ಸೀಲ್‌ಗೆ ತೆಳುವಾಗಿ ಸವರಿ, ಪಿನ್ ಸುತ್ತ ಸ್ವಲ್ಪ ಹಚ್ಚಿ. ಕನೆಕ್ಟರ್ ಕೂಡಿಸುವಾಗ ಲೋಹಕ್ಕೆ ಲೋಹ ತಾಗುವ ಜಾಗದಲ್ಲಿ ಅದು ತಾನೇ ಸರಿದುಹೋಗುತ್ತದೆ. ಒಳಗೆಲ್ಲ ತುಂಬಿಸಬೇಡಿ. ಪೆಟ್ರೋಲಿಯಂ ಗ್ರೀಸ್‌ಗೆ ಕೆಲವು ರಬ್ಬರ್ ಊದಿಕೊಳ್ಳುತ್ತದೆ, ತಾಮ್ರದ ಪುಡಿ ಬೆರೆಸಿದ ಗ್ರೀಸ್ ಅಕ್ಕಪಕ್ಕದ ಪಿನ್‌ಗಳನ್ನು ಸೇರಿಸಿಬಿಡಬಹುದು. ಇನ್ನು ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್‌ನ ಕನೆಕ್ಟರ್‌ಗೆ ಗ್ರೀಸ್ ಮುಟ್ಟಿಸಲೇಬೇಡಿ, ಎಷ್ಟೋ ಸೆನ್ಸರ್‌ಗಳು ಹೊರಗಿನ ಗಾಳಿಯನ್ನು ವೈರಿನ ಮೂಲಕವೇ ಎಳೆದುಕೊಳ್ಳುತ್ತವೆ.

ಆದರೆ ಗ್ರೀಸ್‌ಗಿಂತ ಸೀಲೇ ಮುಖ್ಯ, ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಸೀಲ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಪಿನ್ ಇಲ್ಲದ ಖಾಲಿ ತೂತಿಗೂ ಮುಚ್ಚಳ ಇರಬೇಕು. ಟೆಸ್ಟ್ ಲ್ಯಾಂಪಿನ ಸೂಜಿ ವೈರ್‌ಗೆ ಚುಚ್ಚುವ ಅಭ್ಯಾಸ ಬಿಡಿ, ಆ ಸಣ್ಣ ತೂತೇ ನೀರಿಗೆ ಬಾಗಿಲು. ಸುಮ್ನೆ ಟೇಪ್ ಸುತ್ತಿದರೆ ಒಳಗೆ ಸೇರಿದ ನೀರು ಆರುವುದಿಲ್ಲ, ಜಾಯಿಂಟ್‌ಗೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಹುಳಿ ವಾಸನೆಯ ಸಿಲಿಕೋನ್ ಸೀಲೆಂಟ್ ಬೇಡ, ಅದರಿಂದ ಹೊರಬರುವ ಅಸಿಟಿಕ್ ಆಮ್ಲವೇ ತಾಮ್ರವನ್ನು ತಿನ್ನುತ್ತದೆ.

ವೈರ್ ಕನೆಕ್ಟರ್‌ಗೆ ಹೋಗುವ ಮುಂಚೆ ಸ್ವಲ್ಪ ಕೆಳಗೆ ಜೋತುಬೀಳುವ ಹಾಗೆ ಕಟ್ಟಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗಾಡಿ ತೊಳೆಯುವಾಗ ಪ್ರೆಷರ್ ಗನ್ ಕನೆಕ್ಟರ್ ಕಡೆ ತಿರುಗಿಸಬೇಡಿ, ಆ ಒತ್ತಡಕ್ಕೆ ಹೊಸ ಸೀಲ್ ಕೂಡ ತಡೆಯಲಿಕ್ಕಿಲ್ಲ.